ಮಳೆಗಾಲದ ತೋಟಕ್ಕೆ ದೂರ ಬೀಳುವ ರೀಚಾರ್ಜ್ ಟಾರ್ಚ್: 2,500 ರೂಪಾಯಿಯೊಳಗೆ ಯಾವುದು?

ತೋಟದಮನೆ, ತೀರ್ಥಹಳ್ಳಿ
ಅಡಿಕೆ ತೋಟದ ಕೆಳಗೆ ಗದ್ದೆ ಬಯಲು, ಅದರಾಚೆ ಕಾಡಂಚು. ಅಂಗಳದಿಂದ ಅಲ್ಲಿಗೆ 200 ಮೀಟರ್. ಹಂದಿ ಇಳಿದಿದೆಯೋ ಇಲ್ಲವೋ ಅಂಗಳದಲ್ಲಿ ನಿಂತೇ ತಿಳಿಯಬೇಕು. ಮಳೆ ಜೋರಾದರೆ ಎರಡು ಮೂರು ದಿನ ಕರೆಂಟ್ ಇರೋದಿಲ್ಲ. ಬಜೆಟ್ 2,500, ಬ್ಯಾಟರಿ ಸೇರಿ. ಆನ್‌ಲೈನಲ್ಲಿ 900 ರೂಪಾಯಿಗೇ ‘10,000 ಲುಮೆನ್, 2 ಕಿಲೋಮೀಟರ್’ ಅಂತ ಬರೆದದ್ದು ಕಾಣ್ತಿದೆ. ನಂಬಬಹುದಾ?

ಕ್ಯಾಂಡೆಲಾ ಗೌಡ
ನಂಬಬೇಡಿ. ಲೆಕ್ಕ ಸುಲಭ ಇದೆ. ಲುಮೆನ್ ಅಂದರೆ ಟಾರ್ಚ್ ಹೊರಬಿಡುವ ಒಟ್ಟು ಬೆಳಕು. ಒಳ್ಳೆಯ ಎಲ್‌ಇಡಿ ಪೂರ್ತಿ ಜೋರಿನಲ್ಲಿ ವ್ಯಾಟಿಗೆ ಸುಮಾರು 100 ಲುಮೆನ್ ಕೊಡುತ್ತೆ. 10,000 ಲುಮೆನ್‌ಗೆ 100 ವ್ಯಾಟ್ ಆಯಿತು. ಒಂದೇ ಸೆಲ್‌ನಿಂದ ಅದನ್ನು ಎಳೆಯಲು 28 ಆಂಪಿಯರ್ ಬೇಕು. 5,000 ಎಂಎಎಚ್ ಇರುವ 21700 (21 ಎಂಎಂ ದಪ್ಪ, 70 ಎಂಎಂ ಉದ್ದದ ಲಿಥಿಯಂ) ಸೆಲ್‌ನಲ್ಲಿ ಇರುವುದೇ 18 ವ್ಯಾಟ್-ಅವರ್, ಹನ್ನೊಂದು ನಿಮಿಷಕ್ಕೆ ಖಾಲಿ. ಅಷ್ಟು ಶಾಖವನ್ನು ಅಂಗೈ ಅಗಲದ ಟಾರ್ಚ್ ಹೊರಹಾಕಲಾರದು. ಅದೇ ಸೆಲ್‌ನಲ್ಲಿ 1,000 ಲುಮೆನ್ ಒಂದೂವರೆ ಗಂಟೆ ಬರುತ್ತೆ ಅಂದರೆ ನಂಬುವ ಮಾತು.

ದೂರಕ್ಕೆ ಬೇಕಾದ ಅಂಕಿ ಕ್ಯಾಂಡೆಲಾ, ಅಂದರೆ ಒಂದೇ ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆ. ಟಾರ್ಚ್ ಅಳೆಯುವ ಎಫ್‌ಎಲ್1 ಮಾನದಂಡದಲ್ಲಿ ‘ಬೀಮ್ ದೂರ’ ಅಂದರೆ ವಸ್ತುವಿನ ಮೇಲೆ ಬೀಳುವ ಬೆಳಕು (ಅದರ ಅಳತೆ ಲಕ್ಸ್) 0.25 ಲಕ್ಸ್‌ಗೆ ಇಳಿಯುವ ಜಾಗ, ಹೆಚ್ಚುಕಡಿಮೆ ಹುಣ್ಣಿಮೆ ಬೆಳಕಿನಷ್ಟು. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಅದು ಸಿಗುತ್ತೆ. 10,000 ಕ್ಯಾಂಡೆಲಾಗೆ 200 ಮೀಟರ್. ಆದರೆ ಹುಣ್ಣಿಮೆ ಬೆಳಕಲ್ಲಿ ಪೊದೆ ಯಾವುದು ಹಂದಿ ಯಾವುದು ಗೊತ್ತಾಗಲ್ಲ. ಗುರುತು ಹಿಡಿಯಲು 1 ಲಕ್ಸ್ ಆದರೂ ಇರಬೇಕು. ಅದಕ್ಕೆ ಬರೀ ವರ್ಗಮೂಲ ಲೆಕ್ಕ ಹಾಕಿ. ನಿಮ್ಮ 200 ಮೀಟರ್‌ಗೆ 40,000 ಕ್ಯಾಂಡೆಲಾ, ಅಂದರೆ ಪೆಟ್ಟಿಗೆ ಮೇಲೆ 400 ಮೀಟರ್ ಅಂತ ಪ್ರಾಮಾಣಿಕವಾಗಿ ಬರೆದದ್ದು ಬೇಕು. ದೂರ ಎರಡು ಪಟ್ಟು ಆಗಬೇಕಾದರೆ ಕ್ಯಾಂಡೆಲಾ ನಾಲ್ಕು ಪಟ್ಟು ಆಗಬೇಕು ಅನ್ನೋದು ನೆನಪಿರಲಿ.

ಪಾಟೀಲ, ಗದಗ
ಲೆಕ್ಕ ಖರೆ ಐತಿ ಗೌಡ್ರ. ಆದ್ರ ರಾತ್ರಿ ಪಂಪ್‌ಸೆಟ್ಟಿಗೆ ಹೋಗೋ ಮನಷಾಗ ಕಾಲ ಬುಡದಾಗ ಬೆಳಕು ಬೇಕು. ಹಾವು ಇರೋದು ಕಾಲ ಹತ್ರ, 200 ಮೀಟರ್ ದೂರದಾಗಲ್ಲ. ಜೂಮ್ ಟಾರ್ಚ್ ತಗೊಂಡ್ರ ಎರಡೂ ಆಗತೈತಿ: ಹಿಂದ ಎಳದ್ರ ಅಗಲ, ಮುಂದ ತಳ್ಳಿದ್ರ ದೂರ.

ರಿಪೇರಿ ಶೆಟ್ಟಿ, ಕುಂದಾಪುರ
ಪಾಟೀಲ್ರೇ, ಒಣ ಊರಿಗೆ ಜೂಮ್ ಅಡ್ಡಿಯಿಲ್ಲ. ಮಲೆನಾಡಿನ ಮಳೆಗೆ ಬೇಡ. ತಲೆ ಹಿಂದೆ ಮುಂದೆ ಜಾರುವಾಗ ಪ್ರತಿ ಸಲವೂ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ತೇವ. ಆಮೇಲೆ ಲೆನ್ಸ್ ಒಳಗಡೆ ಬೆವರುತ್ತದೆ. ಇನ್ನೊಂದು ವಿಷಯ: ಚುಕ್ಕೆ ಚಿಕ್ಕದು ಮಾಡಿದಾಗ ಎಲ್‌ಇಡಿಯ ಬೆಳಕಲ್ಲಿ ದೊಡ್ಡ ಪಾಲು ಲೆನ್ಸ್‌ಗೆ ತಾಗದೆ ಒಳಗೋಡೆಗೆ ಬಡಿದು ಹೋಗುತ್ತದೆ. ಗೋಡೆ ಮೇಲೆ ಎಲ್‌ಇಡಿಯ ಚೌಕ ಆಕಾರವೇ ಕಾಣುತ್ತದಲ್ಲ, ಅದಕ್ಕೇ. ಸುತ್ತಲೂ ಪೂರ್ತಿ ಕತ್ತಲೆ.

ನುಣುಪಾದ ರಿಫ್ಲೆಕ್ಟರ್ ಇರುವ ಟಾರ್ಚ್‌ನಲ್ಲಿ ನಡುವೆ ದೂರದ ಚುಕ್ಕೆ, ಸುತ್ತ ಮಂದ ಬೆಳಕು ಒಟ್ಟಿಗೇ ಬರುತ್ತದೆ. ಆ ಮಂದ ಬೆಳಕು ಕಾಲಿಗೆ ಸಾಕು.

ಕ್ಯಾಂಡೆಲಾ ಗೌಡ
ಶೆಟ್ರು ಹೇಳಿದ್ದಕ್ಕೆ ಸೇರಿಸ್ತೀನಿ. ರಿಫ್ಲೆಕ್ಟರ್ ಬಾಯಿ 40 ಎಂಎಂ ಆಸುಪಾಸು ಇರಲಿ, ಎಲ್‌ಇಡಿ ಚಿಕ್ಕದಿರಲಿ. ಎಸ್‌ಎಫ್‌ಟಿ-40 ಥರದ ಚಿಕ್ಕ ಎಲ್‌ಇಡಿ ಹಾಕಿದ ಸಿ8 ಆಕಾರದ (ತಲೆ ಅಗಲ, ಹಿಡಿ ಸಣ್ಣ) ಟಾರ್ಚ್‌ಗಳು 40,000 ಕ್ಯಾಂಡೆಲಾ ದಾಟುವುದು ಸಾಮಾನ್ಯ. ಅದೇ ತಲೆಗೆ ಎಕ್ಸ್‌ಎಚ್‌ಪಿ-70 ಎಂಬ ದೊಡ್ಡ ಎಲ್‌ಇಡಿ ಹಾಕಿದರೆ ಲುಮೆನ್ ಹೆಚ್ಚಾಗುತ್ತೆ, ದೂರ ಕಮ್ಮಿಯಾಗುತ್ತೆ. ಬೆಳಕು ಹುಟ್ಟುವ ಜಾಗ ಅಗಲವಾದಷ್ಟೂ ಚುಕ್ಕೆ ಹರಡುತ್ತೆ. ಅಂಗಡಿಯವರು ದೊಡ್ಡ ಎಲ್‌ಇಡಿ ತೋರಿಸಿ ಮಾರೋದು ಇದನ್ನು ಮುಚ್ಚಿಟ್ಟೇ.

ಪಾಟೀಲ, ಗದಗ
ಜೂಮ್ ಬಿಟ್ಟೆ. ಆದ್ರ ಸೆಲ್ ಬ್ಯಾರೆ, ಚಾರ್ಜರ್ ಬ್ಯಾರೆ ಅಂದ್ರ ಹಳ್ಯಾಗ ಯಾರು ತಂದು ಕೊಡ್ತಾರ? ತಾಲೂಕಿನ ಅಂಗಡ್ಯಾಗ ಸಿಗೋ ಲೆಡ್ ಆಸಿಡ್ ಟಾರ್ಚ್ ಸೀದಾ ಪ್ಲಗ್ಗಿಗೆ ಹಾಕಿದ್ರ ಮುಗೀತು.

ರಿಪೇರಿ ಶೆಟ್ಟಿ, ಕುಂದಾಪುರ
ಅದು ಹಾಳಾಗುವುದೂ ಆ ಪ್ಲಗ್ಗಿನಿಂದಲೇ. ಖಾಲಿ ಮಾಡಿ ಮೂಲೆಗಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಮತ್ತೆ ಮೇಲೇಳುವುದಿಲ್ಲ. ಅಗ್ಗದ್ದರಲ್ಲಿ ಚಾರ್ಜ್ ತುಂಬಿದಾಗ ನಿಲ್ಲಿಸುವ ಸರ್ಕ್ಯೂಟೂ ಇರುವುದಿಲ್ಲ, ರಾತ್ರಿಯಿಡೀ ಹಾಕಿಟ್ಟರೆ ಉಬ್ಬುತ್ತದೆ. ಎರಡು ದಿನ ಕರೆಂಟ್ ಇಲ್ಲದ ಊರಲ್ಲಿ ಬದಲಿ ಸೆಲ್ ಜೇಬಲ್ಲಿರುವುದು ದೊಡ್ಡ ಅನುಕೂಲ. ಒಳಗೇ ಕೂಡಿಸಿದ ಬ್ಯಾಟರಿಯಲ್ಲಿ ಆ ದಾರಿಯೇ ಇಲ್ಲ.

ಸೆಲ್ ತೆಗೆಯುವಾಗ ನೋಡಬೇಕಾದ್ದು: ಅಸಲಿ 18650 (18 ಎಂಎಂ ದಪ್ಪ, 65 ಎಂಎಂ ಉದ್ದದ ಸೆಲ್) ತೂಕ 45ರಿಂದ 50 ಗ್ರಾಂ, 21700 ಸುಮಾರು 70 ಗ್ರಾಂ. ‘9,900 ಎಂಎಎಚ್’ ಅಂತ ದೊಡ್ಡ ಅಕ್ಷರದಲ್ಲಿ ಬರೆದ 18650 ಬರೇ ಸುಳ್ಳು. 3,500ರ ಆಚೀಚೆಗೇ ಆ ಗಾತ್ರದ ಮಿತಿ ಮುಗಿಯುತ್ತದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಆರ್ ಅಕ್ಷರದ ನೋಂದಣಿ ಸಂಖ್ಯೆ ಇದೆಯೋ ನೋಡಿ. ರಕ್ಷಣಾ ಸರ್ಕ್ಯೂಟ್ ಇರುವ ‘ಪ್ರೊಟೆಕ್ಟೆಡ್’ 18650 ಸೆಲ್ 65 ಎಂಎಂ ಬದಲು 68-70 ಆಗುವುದರಿಂದ ಕೆಲವು ಟಾರ್ಚ್‌ಗೆ ಕೂರುವುದಿಲ್ಲ. ತಲೆ ಚಪ್ಪಟೆ ಇರುವ ಸೆಲ್ ಕೆಲವದರಲ್ಲಿ ತಾಗುವುದೇ ಇಲ್ಲ. ಟಾರ್ಚ್ ಯಾವುದಕ್ಕೆ ಹೇಳಿದೆಯೋ ಅದನ್ನೇ ಹಾಕಿ.

ತೋಟದಮನೆ, ತೀರ್ಥಹಳ್ಳಿ
ಟಾರ್ಚ್‌ನಲ್ಲೇ ಟೈಪ್-ಸಿ ಇರೋದು ಒಳ್ಳೆಯದಾ, ಹೊರಗಿನ ಚಾರ್ಜರಾ? ಮತ್ತೆ ಮಂಜಿಗೆ ಹಳದಿ ಬೆಳಕು ತೂರಿಕೊಂಡು ಹೋಗುತ್ತೆ ಅಂತಾರಲ್ಲ?

ರಿಪೇರಿ ಶೆಟ್ಟಿ, ಕುಂದಾಪುರ
ಇಲ್ಲಿ ರಿಪೇರಿಗೆ ಬರುವುದರಲ್ಲಿ ಮೊದಲು ನೋಡುವುದೇ ಆ ಟೈಪ್-ಸಿ ಬಾಯಿ. ರಬ್ಬರ್ ಮುಚ್ಚಳ ಸಡಿಲವಾದರೆ ನೀರು ಕೂತು ಪಿನ್ ಹಸಿರಾಗುತ್ತದೆ. ಒದ್ದೆ ಇದ್ದಾಗ ಚಾರ್ಜಿಗೆ ಹಾಕಿದರೆ ಇನ್ನೂ ಬೇಗ. ಹೊರಗಿನ ಚಾರ್ಜರ್ ಇದ್ದರೆ ಟಾರ್ಚ್ ಮೈಗೆ ತೂತೇ ಇಲ್ಲ. ಇನ್ನೊಂದು ದೂರು: ‘ಹೊಸ ಫೋನಿನ ಚಾರ್ಜರ್‌ನಲ್ಲಿ ಚಾರ್ಜೇ ಆಗುತ್ತಿಲ್ಲ.’ ಅಗ್ಗದ ಟಾರ್ಚ್‌ನಲ್ಲಿ ಕರೆಂಟ್ ಬಿಡು ಅಂತ ಚಾರ್ಜರ್‌ಗೆ ಗುರುತು ಕೊಡುವ 5.1 ಕಿಲೋಓಮ್‌ನ ಎರಡು ರೆಸಿಸ್ಟರ್ ಹಾಕಿರುವುದಿಲ್ಲ. ಎರಡೂ ಕಡೆ ಟೈಪ್-ಸಿ ಇರುವ ಕೇಬಲ್‌ನಲ್ಲಿ ಅಂಥದ್ದಕ್ಕೆ ಕರೆಂಟೇ ಬಿಡುವುದಿಲ್ಲ. ಒಂದು ಕಡೆ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿ, ಆಗುತ್ತದೆ.

ಮಿಣುಕು ಬಂದರೆ ಸ್ವಿಚ್ ಬಿಚ್ಚುವ ಮೊದಲು ಹಿಂದಿನ ಮುಚ್ಚಳದ ತಿರುಪನ್ನು ಒರೆಸಿ. ಕರೆಂಟ್ ಹರಿಯುವುದು ಆ ತಿರುಪಿನ ಅಂಚಿನಲ್ಲಿ. ನೀರು ತಡೆಯುವ ರಬ್ಬರ್ ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಒಂದು ತೆಳು ಪದರ, ಅಷ್ಟೇ.

ಕ್ಯಾಂಡೆಲಾ ಗೌಡ
ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಅದಕ್ಕೆ ಹಳದಿಯೂ ಬಿಳಿಯೂ ಒಂದೇ ರೀತಿ ಚದುರುತ್ತೆ. ಬಣ್ಣ ಬದಲಿಸುವುದಕ್ಕಿಂತ ಕೈ ಬದಲಿಸಿ. ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿಯದೆ ಕೈ ಚಾಚಿ ಸೊಂಟದ ಕೆಳಗೆ ಹಿಡಿದರೆ ಬಿಳಿ ಗೋಡೆ ಅರ್ಧ ಮಾಯ. ತಲೆಗೆ ಕಟ್ಟುವ ಲೈಟ್ ಮಂಜಿಗೆ ಅತಿ ಕೆಟ್ಟದ್ದು. ಆದರೆ ದಟ್ಟ ಮಂಜಿನಲ್ಲಿ ಯಾವ ಟಾರ್ಚೂ 200 ಮೀಟರ್ ತೋರಿಸಲ್ಲ, ಅದನ್ನು ಒಪ್ಪಿಕೊಂಡೇ ಕೊಳ್ಳಿ. 5,000 ಕೆಲ್ವಿನ್ (ಬಿಳಿ ಬೆಳಕಿನ ಬಣ್ಣದ ಅಳತೆ) ತೆಗೊಳ್ಳಿ ಅಂತೀನಿ ನಾನು, ಹಸಿರಿನ ಮಧ್ಯೆ ಕಂದು ಮೈ ಚೆನ್ನಾಗಿ ಬೇರೆಯಾಗುತ್ತೆ.

ಪಾಟೀಲ, ಗದಗ
ಆನಿ ಬರೋ ಕಡಿ ಮಿಣುಕೋ ಮೋಡ್ ಹಾಕಿ ಕಣ್ಣಿಗೆ ಬಿಡಬ್ಯಾಡ್ರಿ. ದೂರದ ಬೆಳಕು ದೂರ ನಿಲ್ಲಾಕ ಬೇಕು, ಹತ್ರ ಹೋಗಾಕಲ್ಲ. ಮತ್ತ, ತಗೊಂಡ ಮ್ಯಾಲ ಅಂಗಡ್ಯಾವ ಹೇಳಿದ್ದು ಖರೇನೋ ಸುಳ್ಳೋ ಹೆಂಗ ನೋಡೋದು?

ಕ್ಯಾಂಡೆಲಾ ಗೌಡ
ಫೋನಲ್ಲಿ ಲಕ್ಸ್ ಮೀಟರ್ ಆಪ್ ಹಾಕಿ. ಕತ್ತಲೆ ಜಾಗದಲ್ಲಿ ಸರಿಯಾಗಿ 10 ಮೀಟರ್ ಅಳೆದು, ಟಾರ್ಚ್ ಹಚ್ಚಿ 30 ಸೆಕೆಂಡ್ ಬಿಟ್ಟು ಚುಕ್ಕೆಯನ್ನು ಮುಂಬದಿಯ ಸೆನ್ಸರ್ ಮೇಲೆ ಬೀಳಿಸಿ. ಬಂದ ಲಕ್ಸ್ ಅನ್ನು 100ರಿಂದ ಗುಣಿಸಿದರೆ ಕ್ಯಾಂಡೆಲಾ. 400 ಲಕ್ಸ್ ಬಂದರೆ ನಿಮ್ಮ 40,000 ಇದೆ. ಫೋನಿನ ಸೆನ್ಸರ್ ಅಷ್ಟು ಕರಾರುವಾಕ್ಕಲ್ಲ, ಆದರೂ 400ರ ಜಾಗದಲ್ಲಿ 60 ಬಂದರೆ ವಾಪಸ್ ಕಳಿಸಲು ಅಷ್ಟು ಸಾಕು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಬಿಸಿಯಾದ ಮೇಲೆ ಬೆಳಕು ತಾನಾಗಿ ಇಳಿಯುವುದು ಸಹಜ. ಅರ್ಧಕ್ಕಿಂತ ಕೆಳಗೆ ಹೋದರೆ ಮಾತ್ರ ಆ ಮೈಗೆ ಆ ಎಲ್‌ಇಡಿ ಹೆಚ್ಚಾಯಿತು ಅಂತ ಅರ್ಥ.

ತೋಟದಮನೆ, ತೀರ್ಥಹಳ್ಳಿ
ಸಿ8 ಆಕಾರ, ಎಸ್‌ಎಫ್‌ಟಿ-40, 5,000 ಕೆಲ್ವಿನ್, ಎರಡು ಸೆಲ್, ಹೊರಗಿನ ಚಾರ್ಜರ್: ಇದಿಷ್ಟು 2,500ರಲ್ಲಿ ಕೂರುತ್ತಾ ನೋಡ್ತೀನಿ. ಮಳೆ ಮುಗಿದ ಮೇಲೆ ಆರು ತಿಂಗಳು ಸೆಲ್ ಹೇಗೆ ಇಡೋದು?

ರಿಪೇರಿ ಶೆಟ್ಟಿ, ಕುಂದಾಪುರ
ಹಣ ಸಾಲದಿದ್ದರೆ ಈ ವರ್ಷ ಒಂದೇ ಸೆಲ್ ತಗೊಳ್ಳಿ, ಸೆಲ್‌ನ ಗುಣಮಟ್ಟದಲ್ಲಿ ಮಾತ್ರ ಇಳಿಯಬೇಡಿ. ಎತ್ತಿಡುವಾಗ ತುಂಬಿಸಿಯೂ ಅಲ್ಲ, ಖಾಲಿ ಮಾಡಿಯೂ ಅಲ್ಲ, ಅರ್ಧ ಚಾರ್ಜಿನಲ್ಲಿ, ಅಂದರೆ 3.7ರಿಂದ 3.8 ವೋಲ್ಟ್‌ನಲ್ಲಿ, ಟಾರ್ಚ್‌ನಿಂದ ಹೊರಗೆ ತೆಗೆದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಕೀಲಿಕೈ, ಚಿಲ್ಲರೆ ಜೊತೆ ಬೇಡ. ಹೊದಿಕೆ ಹರಿದ ಸೆಲ್ ಮತ್ತೆ ಹಾಕಬೇಡಿ. ಅದರ ಮೈಯೆಲ್ಲ ಮೈನಸ್, ಪ್ಲಸ್ ತುದಿಗೆ ತಾಗುವ ಲೋಹ ಅದಕ್ಕೂ ತಾಗಿದರೆ ಶಾರ್ಟ್.