ಏಪ್ರಿಲ್–ಮೇ ಬಿಸಿಲಿನಲ್ಲಿ ಮಲ್ಪೆ ಕಡೆ ಗಾಳ: ಹೊತ್ತು ಯಾವುದು, ಜಾಗ ಯಾವುದು?

ಪ್ರಶ್ನೆ (ಕುಂಜಿಬೆಟ್ಟು)

ಮಕ್ಕಳ ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಮೂರು ವಾರಗಳ ಮಟ್ಟಿಗೆ ಊರಿಗೆ ಬಂದಿದ್ದೇನೆ. ಹತ್ತು ಅಡಿಯ ರಾಡ್ ಹಿಡಿದು ಮಲ್ಪೆಯ ಸೀ ವಾಕ್ ಸಮೀಪ ಎರಡು ದಿನ, ಮಧ್ಯಾಹ್ನದ ಊಟ ಮುಗಿಸಿದವನು ಸೂರ್ಯ ಮುಳುಗುವವರೆಗೂ ನಿಂತೆ. ಮೊದಲ ದಿನ ಒಂದು ಸಣ್ಣ ತೇಡೆ (ಕ್ಯಾಟ್‌ಫಿಶ್) ಸಿಕ್ಕಿತು, ಎರಡನೆಯ ದಿನ ಅದೂ ಇಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತಿದ್ದುದರಿಂದ ದಾರ ಬಿಲ್ಲಿನಂತೆ ಬಾಗಿ, ಮೀನು ಕಚ್ಚಿತೋ ಅಲೆ ಎಳೆಯಿತೋ ಎಂಬುದೇ ತಿಳಿಯುತ್ತಿರಲಿಲ್ಲ. ತಪ್ಪು ಜಾಗದ್ದೋ, ಹೊತ್ತಿನದೋ? ಜೂನ್‌ನ ಮೀನುಗಾರಿಕಾ ನಿಷೇಧ ದಡದಲ್ಲಿ ನಿಂತು ಗಾಳ ಹಾಕುವವರಿಗೂ ಅನ್ವಯಿಸುತ್ತದೆಯೇ?

ಉತ್ತರ 1 (ಪಡುಕೆರೆ)

ತಪ್ಪು ಹೊತ್ತಿನದು. ಈ ತಿಂಗಳುಗಳಲ್ಲಿ ರಾತ್ರಿ ತಣ್ಣಗಾದ ನೆಲದಿಂದ ಕಡಲಿನ ಕಡೆಗೆ ಬೀಸುವ ಗಾಳಿ ಬೆಳಗಿನ ಒಂಬತ್ತು ಹತ್ತು ಗಂಟೆಯವರೆಗೂ ನಮ್ಮ ಬೆನ್ನಿಗಿರುತ್ತದೆ. ನೀರು ಕೊಳದಂತೆ ಮಲಗಿರುತ್ತದೆ, ಎಸೆದ ಗಾಳವೂ ದೂರ ಹೋಗುತ್ತದೆ. ನೆಲ ಕಾದ ಮೇಲೆ ವಾಯುವ್ಯದಿಂದ ಕಡಲ ಗಾಳಿ ಏಳುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀವು ಕಂಡ ಅವಸ್ಥೆ. ಅಲ್ಲದೆ ಮಳೆ ಬೀಳುವ ಮುಂಚಿನ ನೀರು ಬಹಳ ತಿಳಿಯಾಗಿರುವುದರಿಂದ ನೆತ್ತಿಯ ಬಿಸಿಲಿನಲ್ಲಿ ಮೀನು ದಡದ ಬಳಿ ಸುಳಿಯುವುದೇ ಕಡಿಮೆ. ಬೆಳಕು ಹರಿಯುವ ಮುಂಚೆ ಪಡುಕೆರೆಯ ಮರಳಿನಲ್ಲಿ ನಿಂತು ಕಾಣೆ ಮೀನಿಗೆ (ಲೇಡಿಫಿಶ್) ಪ್ರಯತ್ನಿಸಿ. ಅದರ ಬಾಯಿ ಚಿಕ್ಕದು. ಅಂಗಡಿಯವರು ಕೊಡುವ ದೊಡ್ಡ ಕೊಕ್ಕೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಸಣ್ಣ ಕೊಕ್ಕೆಗೆ ಸಿಗಡಿಯ ಚೂರನ್ನೋ ಮರ್ವಾಯಿಯ (ಚಿಪ್ಪುಮೀನಿನ) ಮಾಂಸವನ್ನೋ ಸಿಕ್ಕಿಸಿ, ಮರ್ವಾಯಿ ಮೆತ್ತಗಿರುವುದರಿಂದ ಹೊಲಿಗೆ ನೂಲಿನಿಂದ ನಾಲ್ಕು ಸುತ್ತು ಬಿಗಿದು, ಅಲೆ ಒಡೆಯುವ ಸಾಲಿಗೂ ದಡಕ್ಕೂ ನಡುವಿನ ತಗ್ಗಿಗೆ ಬಿಡಿ. ಐವತ್ತು ಮೀಟರ್ ಆಚೆ ಎಸೆಯುವ ಹುಮ್ಮಸ್ಸು ಇಲ್ಲಿ ವ್ಯರ್ಥ, ಕಾಣೆ ಹೆಚ್ಚಾಗಿ ಕಾಲಬುಡದಲ್ಲೇ ಇರುತ್ತದೆ.

ಉತ್ತರ 2 (ಉಳ್ಳಾಲ)

ಮೇಲಿನವರು ಗಾಳಿಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅಳಿವೆಗಳಲ್ಲಿ ಗಡಿಯಾರಕ್ಕಿಂತ ನೀರಿನ ಏರಿಳಿತವೇ ಮುಖ್ಯ. ಬೇಸಿಗೆಯಲ್ಲಿ ನದಿಯ ಹರಿವು ಸೊರಗಿ, ನೇತ್ರಾವತಿಯಲ್ಲೂ ಸ್ವರ್ಣಾ–ಸೀತೆಯರಲ್ಲೂ ಉಪ್ಪುನೀರು ಬಹಳ ಒಳಗೆ ನುಗ್ಗುತ್ತದೆ. ಅದರ ಜೊತೆ ಸಿಗಡಿಯೂ ಮರಿ ಮೀನುಗಳೂ ಒಳಗೆ ಹೋಗುತ್ತವೆ. ಇಳಿತ ಆರಂಭವಾದಾಗ ಅವೆಲ್ಲ ಹೊರಗೆ ಬರುವುದನ್ನೇ ಕಾದು ಕೊಕ್ಕರ್‌ನಂತಹ ಬೇಟೆಗಾರ ಮೀನುಗಳು ಹರಿವಿನ ಅಂಚಿನಲ್ಲಿ ನಿಂತಿರುತ್ತವೆ. ಕೋಡಿ ಬೆಂಗ್ರೆಯಲ್ಲಾಗಲಿ ನಮ್ಮ ಕೋಟೆಪುರದಲ್ಲಾಗಲಿ ಇಳಿತದ ಮೊದಲ ಎರಡು ಗಂಟೆ ಬಿಟ್ಟರೆ ನಾನು ಲ್ಯೂರ್ (ಮೀನಿನಂತೆ ಕಾಣುವ ಕೃತಕ ಎರೆ) ಎಸೆಯುವುದೇ ಇಲ್ಲ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೆಳೆತ ಜೋರು, ಅಷ್ಟಮಿಯ ಹೊತ್ತಿಗೆ ಮಂದ.

ಒಂದು ಎಚ್ಚರಿಕೆ. ಮೇ ತಿಂಗಳಲ್ಲಿ ಗಾಳಿಯೇ ಇಲ್ಲದ ದಿನವೂ ಹಿಂದೂ ಮಹಾಸಾಗರದ ತೆಂಕಣ ತುದಿಯ ಬಿರುಗಾಳಿಯಿಂದ ಹುಟ್ಟಿದ ಉದ್ದನೆಯ ಅಲೆಗಳು ಇಲ್ಲಿಯವರೆಗೆ ಬರುತ್ತವೆ. ಒಮ್ಮೆ ಸೋಮೇಶ್ವರದ ಬಂಡೆಯ ಮೇಲೆ ಒಣಗಿದ ಜಾಗ ನೋಡಿಯೇ ನಿಂತಿದ್ದೆ. ಕಾಲು ಗಂಟೆ ಏನೂ ಇರಲಿಲ್ಲ. ಆಮೇಲೆ ಒಂದರ ಹಿಂದೊಂದು ಬಂದ ಮೂರು ಅಲೆಗಳು ಬಕೆಟ್ಟನ್ನೂ ಒಂದು ಚಪ್ಪಲಿಯನ್ನೂ ಕೊಂಡೊಯ್ದವು, ನನ್ನ ಮೊಣಕಾಲು ಬಂಡೆಗಂಟಿದ ಚಿಪ್ಪುಗಳ ಮೇಲೆ ಉಜ್ಜಿ ಸುಲಿಯಿತು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆ ಪ್ರಕಟಿಸುತ್ತದೆ. ಅದನ್ನು ನೋಡದೆ ಬಂಡೆ ಹತ್ತಬೇಡಿ.

ಉತ್ತರ 3 (ಕಾಪು)

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಯಾಂತ್ರೀಕೃತ ದೋಣಿಗಳಿಗೆ ಸಂಬಂಧಿಸಿದ್ದು, ದಡದ ಗಾಳಕ್ಕಲ್ಲ. ಆದರೆ ಆ ದಿನಗಳಲ್ಲಿ ಕಡಲ ಬಳಿ ಹೋಗುವವನಿಗೆ ನಿಷೇಧಕ್ಕಿಂತ ಮೊದಲು ಕಡಲೇ ಬುದ್ಧಿ ಹೇಳುತ್ತದೆ.

ತೇಡೆ ಸಿಕ್ಕಿತೆಂದಿರಿ, ಅದರ ಬೆನ್ನಿನ ಮತ್ತು ಎರಡೂ ಪಕ್ಕಗಳ ಮುಳ್ಳು ವಿಷದ್ದು. ಬರಿಗೈಯಲ್ಲಿ ಹಿಡಿಯದೆ ಇಕ್ಕಳದಿಂದ ಕೊಕ್ಕೆ ಬಿಡಿಸಿ. ಚುಚ್ಚಿದರೆ ತಾಳುವಷ್ಟು ಬಿಸಿನೀರಿನಲ್ಲಿ, 45 ಡಿಗ್ರಿ ಮೀರದಂತೆ, ಗಾಯವಿಲ್ಲದ ಕೈಯಿಂದ ಮೊದಲು ಮುಟ್ಟಿ ನೋಡಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಅದ್ದಿಟ್ಟು, ಬಳಿಕ ವೈದ್ಯರಲ್ಲಿಗೆ ಹೋಗಿ. ತೊರಕೆ ಮೀನಿನ (ಸ್ಟಿಂಗ್‌ರೇ) ಬಾಲದ ಮುಳ್ಳಿಗೂ ಇದೇ ಉಪಚಾರ. ಮೀನನ್ನು ಮರಳಿ ಬಿಡುವವರಾದರೆ ಬೇಗ ಎಳೆದು ಬೇಗ ಬಿಡಿ, ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಇಂದು ಐದೂಕಾಲಕ್ಕೆ ಪಡುಕೆರೆಯಲ್ಲಿದ್ದೆ. ನೂಲು ಸುತ್ತಿದ ಮರ್ವಾಯಿಗೆ ಏಳು ಗಂಟೆಯೊಳಗೆ ಎರಡು ಕಾಣೆ ಸಿಕ್ಕಿದವು, ಎರಡೂ ಹದಿನೈದು ಹೆಜ್ಜೆಯೊಳಗೆ. ಒಂಬತ್ತೂವರೆಗೆ ಗಾಳಿ ಪೂರ್ತಿ ನಿಂತಿತು. ಹತ್ತು ದಾಟುವಾಗ ಹಿಂದಿನ ತೆಂಗಿನ ಗರಿಗಳೆಲ್ಲ ಎದುರು ದಿಕ್ಕಿಗೆ ತಿರುಗಿಕೊಂಡವು, ನಾನೂ ರಾಡ್ ಮಡಚಿದೆ. ಭಾನುವಾರ ಕೋಡಿ ಬೆಂಗ್ರೆಗೆ ಹೋಗುವ ಯೋಚನೆಯಿದೆ, ಇಳಿತ ಬೆಳಿಗ್ಗೆ ಆರರ ಸುಮಾರಿಗೆ ಆರಂಭ.