ಕೆರಿಬಿಯನ್ ಕ್ರೂಸ್: ಹಡಗಿನವರ ಪ್ಯಾಕೇಜ್ ಬಿಟ್ಟು ನಾವೇ ಡೈವಿಂಗ್ ಗೊತ್ತು ಮಾಡಿಕೊಳ್ಳುವುದು ಹೇಗೆ?

ಕಡಲಕರೆ ಕೇಳಿದ್ದು:

ಜನವರಿಯಲ್ಲಿ ಮಯಾಮಿಯಿಂದ ಹೊರಡುವ 7 ರಾತ್ರಿಯ ಕ್ರೂಸ್ ಬುಕ್ ಆಗಿದೆ. ನಿಲ್ಲುವ ಊರುಗಳು ಈ ಕ್ರಮದಲ್ಲಿವೆ: ಕೊಜುಮೆಲ್ (ಬೆಳಿಗ್ಗೆ 8ರಿಂದ ಸಂಜೆ 5), ಬೆಲೀಜ್ ಸಿಟಿ (8–5), ರೊಆತಾನ್ (8–4), ಗ್ರ್ಯಾಂಡ್ ಕೇಮನ್ (7–3). ಆಮೇಲೆ ಒಂದು ದಿನ ಪೂರ್ತಿ ಸಮುದ್ರ, ಮರುದಿನ ಬೆಳಿಗ್ಗೆ ಮಯಾಮಿ.

ನಾವು ಇಬ್ಬರು, ಇಬ್ಬರದೂ ಓಪನ್ ವಾಟರ್ (ಡೈವಿಂಗ್‌ನ ಮೊದಲ ಹಂತದ) ಸರ್ಟಿಫಿಕೇಟ್. ಮುರುಡೇಶ್ವರದಲ್ಲಿ ಕಲಿತದ್ದು, ಡೈವ್‌ಗಳೆಲ್ಲ ನೇತ್ರಾಣಿಯವೇ. ಹಡಗಿನವರ ಡೈವಿಂಗ್ ಪ್ಯಾಕೇಜ್ ದುಬಾರಿ, ದೋಣಿಯಲ್ಲಿ ಜನವೂ ಜಾಸ್ತಿ ಅಂತ ಕೇಳಿದ್ದೇವೆ. ಆಯಾ ಊರಿನ ಡೈವ್ ಅಂಗಡಿಯವರ ಜೊತೆ ನೇರವಾಗಿ ಮಾತಾಡಿಕೊಂಡು ಹೋಗಬಹುದೇ? ತಡವಾಗಿ ಹಡಗು ತಪ್ಪಿದರೆ ಏನು ಗತಿ? ಸಾಮಾನು ಏನೇನು ಒಯ್ಯಬೇಕು? ನಾಲ್ಕೂ ಕಡೆ ಇಳಿಯುವ ಆಸೆ ಇದೆ.

---

ಧಕ್ಕೆ_ಕಟ್ಟೆ ಉತ್ತರ:

ನಾಲ್ಕೂ ಕಡೆ ಬೇಡ. ಎಲ್ಲಿ ಹವಳ ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು, ಮೊದಲು ಎಲ್ಲಿ ಗಡಿಯಾರ ಒಪ್ಪುತ್ತದೆ ನೋಡಿ.

ಎರಡು ಟ್ಯಾಂಕಿನ ದೋಣಿ ಡೈವ್ (ಒಂದೇ ಓಟದಲ್ಲಿ ಎರಡು ಸಲ ಇಳಿಯುವುದು) ಅಂದರೆ ಅಂಗಡಿ ಮುಟ್ಟಿ ಮತ್ತೆ ಧಕ್ಕೆಗೆ ಬರುವಷ್ಟರಲ್ಲಿ 4ರಿಂದ 5 ಗಂಟೆ ಹೋಗುತ್ತದೆ. ನೀರಿನೊಳಗೆ ತಲಾ 45–50 ನಿಮಿಷ, ನಡುವೆ ಮೇಲೆ ಸುಮಾರು ಒಂದು ಗಂಟೆ ವಿರಾಮ, ಉಳಿದದ್ದು ದೋಣಿ ಓಟ, ಫಾರಂ ತುಂಬುವುದು, ಸಾಮಾನು ಜೋಡಿಸುವುದು. ಇನ್ನು ಹಡಗಿನ ಪಟ್ಟಿಯಲ್ಲಿ 8 ಗಂಟೆ ಅಂತಿದ್ದರೆ ಅದು ಹಗ್ಗ ಕಟ್ಟುವ ಹೊತ್ತು. ಸ್ಥಳೀಯ ಅಧಿಕಾರಿಗಳು ಒಪ್ಪಿಗೆ ಕೊಟ್ಟು ಜನ ಇಳಿಯುವಾಗ ಎಂಟೂವರೆ ದಾಟಿರುತ್ತದೆ. ಹಾಗಾಗಿ 8ಕ್ಕೇ ಹೊರಡುವ ದೋಣಿಯನ್ನು ಮರೆತುಬಿಡಿ. ಒಂಬತ್ತೂವರೆ ಮೇಲಿನದ್ದನ್ನೋ, ಕ್ರೂಸ್ ಜನರಿಗೆಂದೇ ಬಿಡುವ ದೋಣಿಯನ್ನೋ ಕೇಳಿ. ವಾಪಸಾತಿಯ ಲೆಕ್ಕ ಹಾಕುವಾಗ ಹಡಗು ಹೊರಡುವ ಹೊತ್ತನ್ನು ಹಿಡಿಯಬೇಡಿ. ಎಲ್ಲರೂ ಹಡಗು ಹತ್ತಿರಬೇಕಾದ ಕೊನೆಯ ಹೊತ್ತು ಅದಕ್ಕಿಂತ ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಮುಂಚೆಯೇ ಇರುತ್ತದೆ. ಅದಕ್ಕೂ ಎರಡು ಗಂಟೆ ಮೊದಲು ನೀವು ಧಕ್ಕೆಯಲ್ಲಿರಬೇಕು.

ಜನ ಎಡವುವುದು ಇನ್ನೊಂದು ಕಡೆ. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಒಂದೇ ಆಗಿರಬೇಕೆಂದಿಲ್ಲ. ಜನವರಿಯಲ್ಲಿ ಮಯಾಮಿ, ಕೊಜುಮೆಲ್, ಕೇಮನ್ ಮೂರರಲ್ಲೂ ಒಂದೇ ಸಮಯ. ಬೆಲೀಜ್ ಮತ್ತು ರೊಆತಾನ್ ಒಂದು ಗಂಟೆ ಹಿಂದೆ. ಹಡಗು ತನ್ನ ಗಡಿಯಾರ ಬದಲಿಸದೆ ಮಯಾಮಿ ಸಮಯದಲ್ಲೇ ಇದ್ದರೆ, ರೊಆತಾನ್‌ನಲ್ಲಿ ನಿಮ್ಮ ಮೊಬೈಲು 3 ಅಂತ ತೋರಿಸುವಾಗ ಹಡಗಿನಲ್ಲಿ 4, ಅಂದರೆ ಹೊರಟೇ ಬಿಟ್ಟಿರುತ್ತದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಮೆರಿಕದವರು ಗಡಿಯಾರ ಮುಂದಿಡುವುದರಿಂದ ಈ ಅಂತರ ಇನ್ನೊಂದು ಗಂಟೆ ಬೆಳೆಯುತ್ತದೆ. ಆಗ ಕೊಜುಮೆಲ್, ಕೇಮನ್ ಕೂಡ ಹಿಂದೆ ಬೀಳುತ್ತವೆ. ಮೊಬೈಲ್ ನೆಚ್ಚಬೇಡಿ, ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರ ಕಟ್ಟಿಕೊಳ್ಳಿ. ಅಂಗಡಿಯವರಿಗೆ ಬರೆಯುವಾಗಲೂ ಎರಡೂ ಸಮಯ ಬರೆಯಿರಿ.

ಈಗ ಊರುಗಳು.

ಕೊಜುಮೆಲ್: ಸ್ವಂತ ಏರ್ಪಾಡಿಗೆ ಇದಕ್ಕಿಂತ ಅನುಕೂಲದ ಜಾಗ ನಿಮ್ಮ ಪಟ್ಟಿಯಲ್ಲಿಲ್ಲ. ಕ್ರೂಸ್ ಧಕ್ಕೆಗಳು ಮೂರು. ಪುಂಟಾ ಲಂಗೋಸ್ಟಾ ಊರಿನ ನಡುವೆಯೇ ಇದೆ. ಇಂಟರ್‌ನ್ಯಾಷನಲ್ ಮತ್ತು ಪುಎರ್ತಾ ಮಾಯಾ ಕೆಲವು ಕಿಲೋಮೀಟರ್ ದಕ್ಷಿಣಕ್ಕೆ. ನಿಮ್ಮ ಹಡಗು ಯಾವುದಕ್ಕೆ ಬರುತ್ತದೆ ಅಂತ ತಿಳಿದು ಅಂಗಡಿಯವರಿಗೆ ಹೇಳಿ, ದೋಣಿ ಎಲ್ಲಿ ಹತ್ತಿಸಿಕೊಳ್ಳುತ್ತಾರೆ ಕೇಳಿ. ಪಲಂಕಾರ್ ಹವಳದ ದಿಬ್ಬಗಳು ದ್ವೀಪದ ದಕ್ಷಿಣಕ್ಕಿವೆ, ಊರಿನಿಂದ ಹೊರಟರೆ ದೋಣಿಯಲ್ಲೇ ಬಹಳ ಹೊತ್ತು ಹೋಗುತ್ತದೆ.

ರೊಆತಾನ್: ಇಲ್ಲಿ ಕಾಲವಲಯ ನಿಮ್ಮ ಪರ. ಹಡಗು ಮಯಾಮಿ ಸಮಯದಲ್ಲೇ ಇದ್ದರೆ ಅದರ 8 ಗಂಟೆ ಅಂದರೆ ಊರಿನಲ್ಲಿ 7, ಹಾಗಾಗಿ ವೆಸ್ಟ್ ಎಂಡ್ ಅಂಗಡಿಗಳ ಊರಿನ ಸಮಯದ 9 ಗಂಟೆ ಡೈವ್ ಆರಾಮಾಗಿ ಸಿಗುತ್ತದೆ. ಹವಳದ ಗೋಡೆ ದಡದ ಪಕ್ಕದಲ್ಲೇ ಇರುವುದರಿಂದ ದೋಣಿ ಓಟ 5–15 ನಿಮಿಷ ಅಷ್ಟೇ. ಆದರೆ ಧಕ್ಕೆ ಎರಡಿವೆ, ಕಾಕ್ಸನ್ ಹೋಲ್ ಮತ್ತು ಮಹಾಗನಿ ಬೇ. ಎರಡನೆಯದು ವೆಸ್ಟ್ ಎಂಡ್‌ಗೆ ಇನ್ನೂ ದೂರ, ಟ್ಯಾಕ್ಸಿಗೆ ಅರ್ಧ ಗಂಟೆ ಮೇಲೆಯೇ ಇಟ್ಟುಕೊಳ್ಳಿ.

ಬೆಲೀಜ್: ಇಲ್ಲಿ ಸ್ವಂತ ಏರ್ಪಾಡು ಬಿಡಿ. ದಡದ ಬಳಿ ನೀರು ಆಳವಿಲ್ಲ, ಹಡಗು ಮೈಲಿಗಟ್ಟಲೆ ಆಚೆ ಲಂಗರು ಹಾಕುತ್ತದೆ. ಚಿಕ್ಕ ದೋಣಿಯಲ್ಲಿ ಊರಿಗೆ ಬಂದು, ಮತ್ತೆ ಡೈವ್ ದೋಣಿ ಹತ್ತಿ ಬಂದ ದಾರಿಯಲ್ಲೇ ಸಮುದ್ರಕ್ಕೆ ಹೋಗಬೇಕು. ಬ್ಲೂ ಹೋಲ್ ಆಸೆಯಿದ್ದರೆ ಅದನ್ನೂ ಬಿಡಿ: ಬೆಲೀಜ್ ಸಿಟಿಯಿಂದ ಸುಮಾರು 70 ಕಿ.ಮೀ., ನೋಡಬೇಕಾದ ಸುಣ್ಣದ ಕಂಬಗಳು ಇರುವುದು 40 ಮೀಟರ್ ಆಸುಪಾಸಿನಲ್ಲಿ, ನಿಮ್ಮ ಸರ್ಟಿಫಿಕೇಟ್ ಮಿತಿ 18.

ಕೇಮನ್: ಇಲ್ಲೂ ಧಕ್ಕೆಯಿಲ್ಲ, ಹಡಗಿನಿಂದ ದಡಕ್ಕೆ ಒಯ್ಯುವ ಚಿಕ್ಕ ಟೆಂಡರ್ ದೋಣಿಯೇ. ಹಡಗಿನ ಪ್ಯಾಕೇಜ್ ತೆಗೆದುಕೊಂಡವರನ್ನು ಮೊದಲು ಇಳಿಸುತ್ತಾರೆ. 3 ಗಂಟೆಗೆ ಹೊರಡುವ ಹಡಗಿಗೆ ಕೊನೆಯ ಟೆಂಡರ್ ಎರಡು, ಎರಡೂವರೆ ಹೊತ್ತಿಗೇ ಇರುತ್ತದೆ. ಇಲ್ಲಿ ಹಡಗಿನವರ ಡೈವೇ ವಾಸಿ.

ಹಡಗು ತಪ್ಪುವ ವಿಷಯ: ಅವರ ಪ್ಯಾಕೇಜ್ ದೋಣಿ ತಡವಾದರೆ ಕಾಯುತ್ತಾರೆ, ಇಲ್ಲವೇ ಮುಂದಿನ ಊರಿಗೆ ಸೇರಿಸುತ್ತಾರೆ. ನೀವು ಹೆಚ್ಚಿಗೆ ಕೊಡುವ ದುಡ್ಡು ಬಹುಪಾಲು ಇದಕ್ಕೇ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ, ಮುಂದಿನ ಊರಿಗೆ ವಿಮಾನ ಖರ್ಚು ನಿಮ್ಮದೇ. ಬಂದರಿನ ಏಜೆಂಟರ ಫೋನ್ ನಂಬರ್ ಹಡಗಿನ ಆ ದಿನದ ಹಾಳೆಯಲ್ಲೋ ಆ್ಯಪಿನಲ್ಲೋ ಇರುತ್ತದೆ, ಬರೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ, ಒಂದು ಕ್ರೆಡಿಟ್ ಕಾರ್ಡ್ ಒಣ ಚೀಲದಲ್ಲಿರಲಿ.

ಡೈವಿಂಗ್‌ಗೆ ಸಂಬಂಧವಿಲ್ಲ, ಆದರೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಎಚ್-1ಬಿ ಮೇಲಿದ್ದು ಪಾಸ್‌ಪೋರ್ಟಿನ ವೀಸಾ ಅವಧಿ ಮುಗಿದಿದ್ದರೆ, ಮೆಕ್ಸಿಕೊ–ಕೆನಡಾಕ್ಕೆ 30 ದಿನದೊಳಗೆ ಹೋಗಿಬರಲು ಇರುವ ವಿನಾಯಿತಿ ಬೆಲೀಜ್, ಹೊಂಡುರಾಸ್ ಮುಟ್ಟಿ ಬರುವವರಿಗೆ ಸಿಗದು. ಭಾರತದಿಂದ ಬರುವವರಾದರೆ ವೀಸಾ ಮಲ್ಟಿಪಲ್ ಎಂಟ್ರಿ ಆಗಿರಬೇಕು.

---

ಬಾರ್_ಇನ್ನೂರು ಉತ್ತರ:

ಸಾಮಾನಿನ ವಿಷಯಕ್ಕೆ ಬರುತ್ತೇನೆ. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಡೈವ್ ಕಂಪ್ಯೂಟರ್, ಊದಿ ಮೇಲೆ ಬಿಡುವ ಸಿಗ್ನಲ್ ಟ್ಯೂಬ್, ಇಷ್ಟು ನಿಮ್ಮದೇ ಇರಲಿ. ನೀರು 26–27 ಡಿಗ್ರಿ ಇರುತ್ತದೆ, 3 ಮಿ.ಮೀ. ಸೂಟ್ ಸಾಕು. ಟ್ಯಾಂಕ್, ಸೀಸದ ತೂಕ ಅಂಗಡಿಯಲ್ಲೇ ಸಿಗುತ್ತವೆ. ಬಿಸಿಡಿ (ಗಾಳಿ ತುಂಬುವ ಜಾಕೆಟ್), ರೆಗ್ಯುಲೇಟರ್ (ಟ್ಯಾಂಕಿನಿಂದ ಉಸಿರೆಳೆಯುವ ಸಾಧನ) ಬಾಡಿಗೆಗೆ ತೆಗೆದುಕೊಳ್ಳಿ. ಎರಡು ದಿನದ ಡೈವಿಂಗ್‌ಗೆ ಅವನ್ನು ವಿಮಾನದಲ್ಲಿ ಹೊತ್ತು ತಂದು, ಹಡಗಿನ ಅಂಗೈಯಗಲದ ಬಚ್ಚಲಲ್ಲಿ ತೊಳೆದು ಒಣಗಿಸುವ ಕೆಲಸ ಯಾರಿಗೆ ಬೇಕು? ಸ್ವಂತ ರೆಗ್ಯುಲೇಟರ್ ಡಿನ್ ತಿರುಪಿನದ್ದಾಗಿದ್ದು ತಂದೇ ತರುವುದಾದರೆ ಯೋಕ್ (ಟ್ಯಾಂಕಿನ ಬಾಯನ್ನು ಹೊರಗಿನಿಂದ ಹಿಡಿದು ಬಿಗಿಯುವ ಜೋಡಣೆ) ಅಡಾಪ್ಟರ್ ಮರೆಯಬೇಡಿ, ಅಲ್ಲಿನ ಟ್ಯಾಂಕುಗಳು ಹೆಚ್ಚಾಗಿ ಯೋಕ್. ಡೈವಿಂಗ್ ಚಾಕು ತರಬೇಡಿ: ಹಡಗಿನ ಸೆಕ್ಯುರಿಟಿಯವರು ತೆಗೆದಿಟ್ಟುಕೊಳ್ಳುತ್ತಾರೆ, ಕೊಜುಮೆಲ್ ಸಾಗರ ಉದ್ಯಾನದಲ್ಲಿ ಚಾಕು, ಕೈಗವಸು ಎರಡೂ ನಿಷೇಧ.

ಬಾಡಿಗೆ ಮೀಟರ್ ಟ್ಯಾಂಕಿನ ಒತ್ತಡವನ್ನು ಬಾರ್ ಬದಲು ಪಿಎಸ್‌ಐನಲ್ಲಿ, ಆಳವನ್ನು ಅಡಿಯಲ್ಲಿ ತೋರಿಸಬಹುದು. 3000 ಪಿಎಸ್‌ಐ ಅಂದರೆ ಸುಮಾರು 200 ಬಾರ್. 1500ಕ್ಕೆ ಗೈಡ್‌ಗೆ ಸನ್ನೆ ಮಾಡಿ, 750 ಅಂದರೆ 50 ಬಾರ್. 60 ಅಡಿಯೇ ನಿಮ್ಮ 18 ಮೀಟರ್. ಗಾಳಿಯ ಲೆಕ್ಕ ಹೀಗೆ ಹಾಕಿ: 11 ಲೀಟರ್ ಅಲ್ಯೂಮಿನಿಯಂ ಟ್ಯಾಂಕಿನಲ್ಲಿ 50 ಬಾರ್ ಮೀಸಲು ಬಿಟ್ಟರೆ 1650 ಲೀಟರ್ ಸಿಗುತ್ತದೆ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯುವವರು 18 ಮೀಟರಿನಲ್ಲಿ ನೀರಿನ ಒತ್ತಡದಿಂದಾಗಿ 56 ಲೀಟರ್ ಎಳೆಯುತ್ತಾರೆ, ಅರ್ಧ ಗಂಟೆಗೇ ಖಾಲಿ. ಅದೇ 12 ಮೀಟರಿನಲ್ಲಿ 37 ನಿಮಿಷ. ಅನುಭವಿಗಳ ಗುಂಪಿನಲ್ಲಿ ಸೇರಿಸಿದರೆ ನೀವು ಮೊದಲು ಮೇಲೆ ಬರುವವರಾಗುತ್ತೀರಿ, ಹಾಗಾಗಿ ಹೊಸಬರ ಗುಂಪಿಗೇ ಹಾಕಿ ಅಂತ ಮೊದಲೇ ಬರೆಯಿರಿ. ಕೊನೆಯ ಡೈವ್ ಆಗಿ ವರ್ಷ ಕಳೆದಿದ್ದರೆ ಹೊರಡುವ ಮುಂಚೆ ಈಜುಕೊಳದಲ್ಲಿ ರಿಫ್ರೆಶರ್ (ಮರುಅಭ್ಯಾಸ) ಮುಗಿಸಿ, ಇಲ್ಲದಿದ್ದರೆ ಅಂಗಡಿಯವರು ಅಲ್ಲೇ ಮಾಡಿಸುತ್ತಾರೆ, ಒಂದು ಟ್ಯಾಂಕಿನ ಹೊತ್ತು ಅದಕ್ಕೇ ಹೋಗುತ್ತದೆ.

ಇನ್ನು ಮೆಡಿಕಲ್ ಫಾರಂ. ಹಣ ಕೊಟ್ಟು, ಧಕ್ಕೆ ಮುಟ್ಟಿ, ಡೈವ್ ಮಾಡದೆ ಮರಳುವವರು ಹೆಚ್ಚಾಗಿ ಇದರಿಂದಲೇ. ಅಸ್ತಮಾ, ಬಿಪಿ, ಸಕ್ಕರೆ ಕಾಯಿಲೆ ಇಂಥವಕ್ಕೆ ಹೌದು ಅಂತ ಗುರುತು ಹಾಕಿದರೆ ವೈದ್ಯರ ಸಹಿ ಬೇಕಾಗಬಹುದು, ಬೆಳಿಗ್ಗೆ 9ಕ್ಕೆ ಆ ದ್ವೀಪದಲ್ಲಿ ವೈದ್ಯರನ್ನು ಎಲ್ಲಿ ಹುಡುಕುವುದು? ಫಾರಂ ಮೊದಲೇ ತರಿಸಿ, ಊರಲ್ಲೇ ಸಹಿ ಮಾಡಿಸಿ ಒಯ್ಯಿರಿ. ಸರ್ಟಿಫಿಕೇಟ್ ಮೊಬೈಲಿನಲ್ಲಿದ್ದರೆ ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ಧಕ್ಕೆಯಲ್ಲಿ ಇಂಟರ್‌ನೆಟ್ ಸಿಗದಿರಬಹುದು. ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ ಓದಿ ನೋಡಿ, ಎಷ್ಟೋ ಪಾಲಿಸಿಗಳು ಅದನ್ನು ಸಾಹಸ ಕ್ರೀಡೆ ಅಂತ ಹೊರಗಿಡುತ್ತವೆ. ಡ್ಯಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ಸಂಸ್ಥೆಯ ಡೈವಿಂಗ್ ವಿಮೆ ಇದಕ್ಕೆಂದೇ ಇರುವುದು.

ಮಾತ್ರೆಯೋ ಪಟ್ಟಿಯೋ, ವಾಂತಿ ತಡೆಯುವ ಔಷಧಿಯನ್ನು ಡೈವ್ ಇಲ್ಲದ ದಿನ ಒಮ್ಮೆ ಪ್ರಯೋಗಿಸಿ, ನಿದ್ದೆ ಬರಿಸುವಂಥದ್ದಾದರೆ ನೀರಿಗೆ ಬೇಡ. ಹಡಗಿನ ಡ್ರಿಂಕ್ಸ್ ಪ್ಯಾಕೇಜ್ ಹಿಂದಿನ ರಾತ್ರಿ ಮುಚ್ಚಿರಲಿ.

ವಿಮಾನದ ಚಿಂತೆ ನಿಮಗಿಲ್ಲ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ವಿಮಾನ ಹತ್ತುವ ಮುಂಚೆ 18 ಗಂಟೆ ಕಾಯಬೇಕು, ನಿಮಗೆ ನಡುವೆ ಒಂದು ದಿನವೇ ಇದೆ. ಆದರೆ ಕೇಮನ್‌ನಲ್ಲಿ ಹಡಗು ತಪ್ಪಿ ಆ ಸಂಜೆಯೇ ವಿಮಾನ ಹತ್ತುವ ಹಾಗಿಲ್ಲ, ನೆನಪಿರಲಿ.

---

ಮುಳುಗುತಜ್ಞೆ ಉತ್ತರ:

ಧಕ್ಕೆ_ಕಟ್ಟೆ ಅವರ ಕೇಮನ್ ಮಾತು ನನಗೆ ಒಪ್ಪಿಗೆಯಿಲ್ಲ. ದೋಣಿ ಡೈವ್‌ಗೆ ಸಮಯ ಸಾಲದು, ನಿಜ. ಆದರೆ ಅಲ್ಲಿ ದಡದಿಂದಲೇ ಇಳಿಯಬಹುದಲ್ಲ? ಟೆಂಡರ್ ಇಳಿಯುವ ಜಾಗದಿಂದ ದಕ್ಷಿಣಕ್ಕೆ ನಡೆದು ಹೋಗುವಷ್ಟು ಹತ್ತಿರ ಈಡನ್ ರಾಕ್ ಮತ್ತು ಡೆವಿಲ್ಸ್ ಗ್ರಾಟೊ ಇವೆ. ಹವಳದ ಬಂಡೆಗಳ ನಡುವೆ ನುಸುಳುವ ಓಣಿಗಳು, ಟಾರ್ಪನ್ ಮೀನುಗಳು, ಆಳ 15 ಮೀಟರಿನೊಳಗೆ. ಟ್ಯಾಂಕ್ ಬಾಡಿಗೆ ಪಡೆದು, ಗೈಡ್ ಒಬ್ಬರನ್ನು ಕೇಳಿ ಇಳಿಯಿರಿ, ಓಣಿಗಳಲ್ಲಿ ದಾರಿ ತಿಳಿದವರು ಜೊತೆಗಿರಬೇಕು. ಟೆಂಡರ್ ತಡವಾದರೆ ನಿಮ್ಮ ಡೈವ್ ತಡವಾಗುತ್ತದೆ ಅಷ್ಟೇ, ದೋಣಿ ಬಿಟ್ಟು ಹೋಗುವುದಿಲ್ಲ.

ಬೆಲೆ ಕೇಳುವಾಗ ಯಾವ ಡಾಲರ್ ಅಂತ ಕೇಳಿ. ಒಂದು ಕೇಮನ್ ಡಾಲರ್ ಅಂದರೆ 1.20 ಅಮೆರಿಕನ್ ಡಾಲರ್, ಅಂಗಡಿಗಳಲ್ಲಿ 1.25ರ ಲೆಕ್ಕ ಹಿಡಿಯುವುದೂ ಉಂಟು.

---

ಕಡಲಕರೆ:

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಕೊಜುಮೆಲ್, ರೊಆತಾನ್ ಸ್ವಂತವಾಗಿ, ಕೇಮನ್ ದಡದಿಂದ. ನೇತ್ರಾಣಿಯಲ್ಲಿ ಹಗ್ಗ ಹಿಡಿದು ಇಳಿದು ಅದೇ ಜಾಗಕ್ಕೆ ಬರುವುದಷ್ಟೇ ಗೊತ್ತು. ಕೊಜುಮೆಲ್‌ನಲ್ಲಿ ಸೆಳೆತ ಜೋರು ಅನ್ನುತ್ತಾರೆ, ನಮ್ಮಂಥವರಿಗೆ ಆಗುತ್ತದೆಯೇ? ಜನವರಿಯಲ್ಲಿ ಹವಾಮಾನ ಕೆಟ್ಟರೆ ಮುಂಗಡದ ಕತೆ?

---

ಧಕ್ಕೆ_ಕಟ್ಟೆ:

ಕೇಮನ್ ವಿಷಯದಲ್ಲಿ ಮುಳುಗುತಜ್ಞೆ ಹೇಳಿದ್ದು ಸರಿ, ದೋಣಿ ಲೆಕ್ಕ ಮಾತ್ರ ಹಾಕಿದ್ದೆ.

ಕೊಜುಮೆಲ್ ಸೆಳೆತ ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ. ಅದರ ವಿರುದ್ಧ ಈಜುವ ಪ್ರಶ್ನೆಯೇ ಇಲ್ಲ, ಬಸ್ಸಿನ ಕಿಟಕಿ ಪಕ್ಕ ಕೂತ ಹಾಗೆ ಹವಳ ಪಕ್ಕದಲ್ಲಿ ಸರಿಯುತ್ತದೆ. ದೋಣಿ ಲಂಗರು ಹಾಕುವುದಿಲ್ಲ, ಗುಳ್ಳೆ ನೋಡಿಕೊಂಡು ಮೇಲೆ ಹಿಂಬಾಲಿಸುತ್ತದೆ. ತೊಂದರೆ ಬರುವುದು ಇಳಿಯುವಾಗ. ಹಗ್ಗವಿಲ್ಲ, ಒಬ್ಬರು ಕಿವಿ ಬಿಡಿಸಿಕೊಳ್ಳುತ್ತ ಮೇಲೆ ನಿಂತರೆ ಉಳಿದವರು ತೇಲಿ ಮುಂದೆ ಹೋಗಿರುತ್ತಾರೆ. ಗೈಡ್ ಹೇಳಿದ ಕೂಡಲೇ ಎಲ್ಲರೂ ಒಟ್ಟಿಗೆ ನೀರಿಗೆ ಬಿದ್ದು ಒಟ್ಟಿಗೆ ಇಳಿಯಬೇಕು. ಫೋಟೊಗೆಂದು ನಿಲ್ಲಬೇಕಾದರೆ ಹವಳದ ಮರೆಯಲ್ಲಿ, ತಳಕ್ಕೆ ಹತ್ತಿರ ಸರಿಯಿರಿ, ಅಲ್ಲಿ ಸೆಳೆತ ಕಡಿಮೆ. ಗುಂಪು ತಪ್ಪಿದರೆ ಒಂದು ನಿಮಿಷ ಹುಡುಕಿ, ಟ್ಯೂಬ್ ಬಿಟ್ಟು ಮೇಲೆ ಬನ್ನಿ. ಹವಳದ ದಿಬ್ಬಗಳಲ್ಲಿ ಪಲಂಕಾರ್ ಗಾರ್ಡನ್ಸ್ ಮತ್ತು 12–15 ಮೀಟರಿನ ಪ್ಯಾರಡೈಸ್ ನಿಮಗೆ ಸರಿ. ಪುಂಟಾ ಸುರ್‌ನ ಡೆವಿಲ್ಸ್ ಥ್ರೋಟ್ ಎಂಬ ಆಳದ ಗುಹೆಗೆ ಯಾರು ಕರೆದರೂ ಹೋಗಬೇಡಿ.

ಜನವರಿ ಅಂದರೆ ಉತ್ತರದ ಗಾಳಿಯ ಕಾಲ, ಅಲ್ಲಿನವರು ನೋರ್ತೆ ಅನ್ನುತ್ತಾರೆ. ಆಗ ದೊಡ್ಡ ಹಡಗು ಧಕ್ಕೆಗೆ ಬಂದರೂ ಬಂದರು ಅಧಿಕಾರಿ ಚಿಕ್ಕ ದೋಣಿಗಳನ್ನು ಬಿಡದೇ ಇರಬಹುದು. ಹಾಗಾಗಿ ಮುಂಗಡ ಕೊಡುವ ಮುಂಚೆ ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಿ: ಹಡಗೇ ಬರದಿದ್ದರೆ ಪೂರ್ತಿ ಹಣ ವಾಪಸ್ಸಾ? ಹಡಗು ಬಂದು ನಿಮ್ಮ ದೋಣಿ ಹೊರಡದಿದ್ದರೆ? ಎರಡಕ್ಕೂ ಬರಹದಲ್ಲಿ ಹೌದು ಅನ್ನುವವರಿಗೆ ಮಾತ್ರ ಕೊಡಿ. ಅದೇ ಪತ್ರದಲ್ಲಿ ಹಡಗಿನ ಹೆಸರು, ತಾರೀಖು, ಬರುವ-ಹೊರಡುವ ಹೊತ್ತು, ಸರ್ಟಿಫಿಕೇಟ್ ಮಟ್ಟ, ಕೊನೆಯ ಡೈವ್ ಯಾವಾಗ, ಇಬ್ಬರ ಎತ್ತರ, ತೂಕ, ಪಾದದ ಅಳತೆ ಬರೆದುಬಿಡಿ. ಬಿಸಿಡಿ, ಫಿನ್ಸ್ ಎತ್ತಿಟ್ಟಿರುತ್ತಾರೆ, ಧಕ್ಕೆಯಲ್ಲಿ ಇಪ್ಪತ್ತು ನಿಮಿಷ ಉಳಿಯುತ್ತದೆ.

---

ಮುಳುಗುತಜ್ಞೆ:

ಆ ಗಾಳಿ ಕೇಮನ್‌ಗೂ ಬರುತ್ತದೆ. ಹಡಗು ಸಾಮಾನ್ಯವಾಗಿ ನಿಲ್ಲುವ ಜಾರ್ಜ್‌ಟೌನ್ ಕಡೆ ಅಲೆ ಎದ್ದರೆ ಹಡಗು ದಕ್ಷಿಣ ದಡದ ಸ್ಪಾಟ್ಸ್‌ಗೆ ಹೋಗುತ್ತದೆ. ಅಲ್ಲಿ ಇಳಿಸಿದರೆ ಟ್ಯಾಕ್ಸಿ ಹಿಡಿದು ಈಡನ್ ರಾಕ್‌ಗೆ ಬರಬೇಡಿ, ಹಡಗನ್ನು ಓಡಿಸಿದ ಅಲೆಯೇ ಅಲ್ಲೂ ದಡಕ್ಕೆ ಬಡಿಯುತ್ತಿರುತ್ತದೆ.