ಸಹಾಯ ಬೇಕು: ಹಳೇ ಡಿಜಿಟಲ್ ಕ್ಯಾಮೆರಾ, ಕಥೆ ಬರೆದುಕೊಳ್ಳುವವರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರ, ಮನೆಯಿಲ್ಲದವರು ಮಲಗುವ ಒಂದು ರಾತ್ರಿ ತಂಗುದಾಣಕ್ಕೆ ನಾವು ಕೆಲವು ಗೆಳೆಯರು ಹೋಗುತ್ತಿರುತ್ತೇವೆ. ಅಲ್ಲಿರುವವರ ಕೈಗೇ ಕ್ಯಾಮೆರಾ ಕೊಡಬೇಕು, ತಮ್ಮ ಬದುಕನ್ನು ಅವರೇ ತೆಗೆದು, ಅವರೇ ಹೇಳಬೇಕು ಅನ್ನೋದು ನಮ್ಮ ಆಸೆ.

ಲಂಡನ್ನಿನಲ್ಲಿ ಕೆಫೆ ಆರ್ಟ್ ಅನ್ನುವ ಸಂಸ್ಥೆಯವರು ಇದನ್ನು ಮಾಡಿ ತೋರಿಸಿದ್ದಾರೆ. ಮನೆಯಿಲ್ಲದವರಿಗೆ ಒಂದೇ ಸಲ ಬಳಸುವ 100 ಫಿಲ್ಮ್ ಕ್ಯಾಮೆರಾ ಹಂಚಿ, ಬಂದ ಚಿತ್ರಗಳಿಂದ 'ಮೈ ಲಂಡನ್' ಕ್ಯಾಲೆಂಡರ್ ಮಾಡಿ ಮಾರಿದರು. ನಮಗೆ ಫಿಲ್ಮ್ ತೊಳೆಸುವ ಖರ್ಚು ಜಾಸ್ತಿ ಆಗುತ್ತೆ, ಹಾಗಾಗಿ ಡಿಜಿಟಲ್.

ಮೊನ್ನೆ ಮೂಟೆ ಹೊರುವ ಅಣ್ಣ ಒಬ್ಬರಿಗೆ ನನ್ನ ಫೋನ್ ಕೊಟ್ಟೆ. ಅವರು ತೆಗೆದಿದ್ದು ಕಾಂಪೌಂಡ್ ಸರಳಿನ ಸಂದಿಯಲ್ಲಿ ಮಡಚಿಟ್ಟ ನೀಲಿ ಟಾರ್ಪಾಲಿನ್. ಒಳಗೆ ಒಂದು ಅಂಗಿ, ಆಧಾರ್ ಕಾರ್ಡಿನ ಜೆರಾಕ್ಸ್. "ಇದೇ ನನ್ನ ಬೀರು" ಅಂದರು. ನಾವ್ಯಾರೂ ಆ ಚಿತ್ರ ತೆಗೆಯುತ್ತಿರಲಿಲ್ಲ, ಅಲ್ವಾ?

ಮನೆಯಲ್ಲಿ ಸುಮ್ನೆ ಬಿದ್ದಿರುವ ಡಿಜಿಟಲ್ ಕ್ಯಾಮೆರಾ ಇದ್ದರೆ ಕೊಡಿ. ಚಾರ್ಜರ್, ಮೆಮೊರಿ ಕಾರ್ಡ್ ಇದ್ದರೆ ಇನ್ನೂ ಒಳ್ಳೆಯದು. ತಮಿಳು, ತೆಲುಗು, ಉರ್ದು ಬಲ್ಲವರು ಬೇಕು. ಚಿತ್ರ ತೆಗೆದವರು ತಮ್ಮ ಕಥೆ ಹೇಳಿದ ಹಾಗೇ ಬರೆದುಕೊಳ್ಳಬೇಕು, ತಿದ್ದಿ ಕಣ್ಣೀರು ಸೇರಿಸಬಾರದು.

ವಕೀಲರು ಯಾರಾದರೂ ಇದ್ದೀರಾ? ಚಿತ್ರದ ಹಕ್ಕು, ಮಾರಿದ ದುಡ್ಡು ಎರಡೂ ತೆಗೆದವರಿಗೇ ಸೇರಬೇಕು. ಮುಖ, ಹೆಸರು ಹಾಕುವುದು ಬೇಡ ಅಂದರೆ ಹಾಕಬಾರದು. ಹಾಗೆ ಒಂದು ಒಪ್ಪಿಗೆ ಪತ್ರ ಸರಳ ಕನ್ನಡದಲ್ಲಿ ಬೇಕು. ಓದಲು ಬಾರದವರಿಗೆ ಓದಿ ಹೇಳುವಂತಿರಲಿ.

ಆಗುವವರು ಕೆಳಗೆ ಕಾಮೆಂಟ್ ಹಾಕಿ. ಕ್ಯಾಮೆರಾ ತಗೊಳ್ಳಲು ನಾವೇ ಬರುತ್ತೇವೆ.